ಏಳು-ಐದು, ಬೀಳದೆ ಉಳಿದ ಹಲ್ಲು

ಹತ್ತಿಯಲ್ಲಿ ಸುತ್ತಿದ ಒಂದು ಹಲ್ಲು ನಮ್ಮ ಅಡುಗೆಮನೆ ಕಿಟಕಿಯಲ್ಲಿದೆ. ನನ್ನದೇ ಹಲ್ಲು. ಮೇಲ್ಸಾಲಿನದು, ಎಡಗಡೆಯದು, ಚಿಕ್ಕಂದಿನಿಂದ ಸ್ವಲ್ಪ ಸೊಟ್ಟಗೆ ನಿಂತು ನನ್ನ ಫೋಟೋಗಳನ್ನೆಲ್ಲ ಕೆಡಿಸಿದ್ದು. ಹೋದ ವಾರ ಅದು ಅಲ್ಲಾಡಿ ಅಲ್ಲಾಡಿ ಮುದ್ದೆ ನುಂಗುವುದಕ್ಕೂ ಕಷ್ಟವಾದಾಗ ಮಗಳು ಕರೆದುಕೊಂಡು ಹೋಗಿ ತೆಗೆಸಿದಳು. ಆ ಎಳೆಯ ಡಾಕ್ಟರು ಹಲ್ಲನ್ನು ಸ್ಟೀಲ್ ತಟ್ಟೆಗೆ ಟಣ್ ಅಂತ ಹಾಕಿ, ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿಗೆ, "ಟ್ವೆಂಟಿ-ಟೂ, ಮಿಸ್ಸಿಂಗ್" ಎಂದರು. ಬಾಯಿ ತುಂಬ ಹತ್ತಿ ಕಚ್ಚಿಕೊಂಡಿದ್ದೆ, ಮಾತಾಡುವ ಹಾಗಿರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ, ಅದು ಇಪ್ಪತ್ತೆರಡಲ್ಲ ಸ್ವಾಮಿ, ಎರಡು-ಎರಡು. ಮಿಸ್ಸಿಂಗೂ ಆಗಿಲ್ಲ, ಅಗೋ ನಿಮ್ಮ ತಟ್ಟೆಯಲ್ಲೇ ಇದೆ.

ಮನೆಗೆ ಬಂದು ಹತ್ತಿ ಬಿಚ್ಚಿದೆ. ಲವಂಗದೆಣ್ಣೆಯ ವಾಸನೆ ಮೂಗಿಗೆ ಬಂತು. ಆ ವಾಸನೆಯ ಬೆನ್ನಿಗೇ ಡಾಕ್ಟರಮ್ಮ ಬಂದು ನಿಂತ ಹಾಗಾಯಿತು...

ಶಿರಾ ಗೇಟಿನ ಹತ್ತಿರ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕ್ಲಿನಿಕ್ ಇತ್ತು. ನಾನು ಗುಬ್ಬಿಯಿಂದ ಮದುವೆಯಾಗಿ ತುಮಕೂರಿಗೆ ಬಂದವಳು. ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕೂತು ಬೇಜಾರಾಗಿ ಅಲ್ಲಿ ಕೆಲಸಕ್ಕೆ ಸೇರಿದೆ. ಡಾಕ್ಟರಮ್ಮ ಒಂಟಿ ಜೀವ, ಕಾಟನ್ ಸೀರೆ, ಕುತ್ತಿಗೆಯಲ್ಲಿ ದಾರ ಕಟ್ಟಿದ ಕನ್ನಡಕ. ಅವರು ರೋಗಿಯ ಬಾಯಲ್ಲಿ ಕನ್ನಡಿ ಇಟ್ಟು ಹಲ್ಲು ಹಲ್ಲಾಗಿ ಕೂಗಿ ಹೇಳುತ್ತಿದ್ದರು, ನಾನು ಕಾರ್ಡಿನಲ್ಲಿ ಗುರುತು ಹಾಕಿಕೊಳ್ಳಬೇಕಿತ್ತು.

ಮೊದಲ ದಿನವೇ ಎಡವಟ್ಟಾಯಿತು. "ಮೂರು-ಆರು, ಹುಳುಕು" ಎಂದರು. ನಾನು ಮೂವತ್ತಾರು ಅಂತ ಬರೆದು, ಹೊರಗೆ ಬಂದ ಅಜ್ಜಿಗೆ, "ಅಜ್ಜಿ, ನಿಮ್ಮ ಮೂವತ್ತಾರನೇ ಹಲ್ಲು ಹುಳುಕಾಗಿದೆ, ಸೋಮವಾರ ಬನ್ನಿ" ಎಂದುಬಿಟ್ಟೆ. ಅಜ್ಜಿ ಊರ್ಡಿಗೆರೆಯವರು, ಬಿಡುವವರಲ್ಲ. "ಎಲ್ರಿಗೂ ಮೂವತ್ತೆರಡೇ ಕಣವ್ವ ಇರೋದು. ನನ್ ಬಾಯಾಗೆ ಹತ್ತೂ ಉಳಿದಿಲ್ಲ. ಈ ಮೂವತ್ತಾರನೇದು ಯಾರ್ ಮನೇದ್ ತಂದ್ ಸೇರ್ಸಿದ್ರಿ?" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಒಳಗೆ ಡಾಕ್ಟರಮ್ಮನಿಗೂ ನಗು.

ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಬಾಯನ್ನು ನಾಲ್ಕು ಕೇರಿ ಅಂದುಕೊ. ಮೇಲೆ ಬಲಗಡೆ ಒಂದನೇ ಕೇರಿ, ಮೇಲೆ ಎಡಗಡೆ ಎರಡು, ಕೆಳಗೆ ಎಡಗಡೆ ಮೂರು, ಕೆಳಗೆ ಬಲಗಡೆ ನಾಲ್ಕು. ಒಂದೊಂದು ಕೇರಿಯಲ್ಲೂ ನಡುವಿನ ಮುಂದಿನ ಹಲ್ಲೇ ಒಂದನೇ ಮನೆ, ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಕೊನೆಯ ಬುದ್ಧಿಹಲ್ಲು ಎಂಟನೇದು. ಮೂರು-ಆರು ಅಂದರೆ ಮೂರನೇ ಕೇರಿಯ ಆರನೇ ಮನೆ. ಅದಕ್ಕೇ ಕೂಡಿಸಿ ಓದಬಾರದು, ಬಿಡಿಬಿಡಿಯಾಗಿ ಓದಬೇಕು. ಮಕ್ಕಳ ಹಾಲುಹಲ್ಲಿಗೆ ಇದೇ ಕೇರಿಗಳು, ಆದರೆ ಹೆಸರು ಬೇರೆ, ಐದು, ಆರು, ಏಳು, ಎಂಟು. "ಇನ್ನೊಂದು ಕೇಳು" ಎಂದರು. "ಎಡ ಬಲ ಅನ್ನೋದು ನಿಂದಲ್ಲ, ಕುರ್ಚಿಲಿ ಕೂತಿರೋರದ್ದು. ನೀನು ಎದುರಿಗೆ ನಿಂತಿರ್ತೀಯ. ನಿನ್ನ ಬಲಗೈ ಕಡೆ ಕಾಣೋದು ಅವರ ಎಡ. ಇದೊಂದು ತಪ್ಪಿದ್ರೆ ಚೆನ್ನಾಗಿರೋ ಹಲ್ಲು ಕಿತ್ತು ಕೈಗೆ ಕೊಟ್ಬಿಡ್ತೀನಿ ನಾನು."

ಮತ್ತೊಂದು ಕಟ್ಟುನಿಟ್ಟು ಇತ್ತು. ಹಲ್ಲಿಲ್ಲದ ಜಾಗಕ್ಕೆ ನಾನು ಮಿಸ್ಸಿಂಗ್ ಅಂತ ಬರೆಯುವ ಹಾಗಿರಲಿಲ್ಲ. ಕಿತ್ತಿದ್ದರೆ ‘ತೆಗೆದಿದೆ’, ಹುಟ್ಟೇ ಇಲ್ಲದಿದ್ದರೆ ‘ಬಂದಿಲ್ಲ’. "ಹಲ್ಲು ಕಾಣೆಯಾಗಲ್ಲ ಕಣೆ. ಮನುಷ್ಯ ಕಾಣೆಯಾಗ್ತಾನೆ. ಹಲ್ಲು ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ." ಆಗ ಇದನ್ನೂ ತಮಾಷೆಯ ಮಾತೆಂದೇ ಅಂದುಕೊಂಡಿದ್ದೆ.

ಜನರ ಹೆಸರು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಲ್ಲು ನಿಲ್ಲುತ್ತಿತ್ತು. ಬಾಗಿಲ ತನಕ ಬಂದು, "ನಾಲ್ಕು-ಏಳು, ಬನ್ನಿ ಒಳಗೆ" ಎಂದು ಕರೆದರೆ ಬೆಂಚಿನ ಮೇಲಿದ್ದವರಲ್ಲಿ ಸರಿಯಾದವರೇ ಎದ್ದು ಬರುತ್ತಿದ್ದರು. ನನ್ನನ್ನೂ ಹಾಗೇ ಕರೆಯುತ್ತಿದ್ದರು. ಸೊಟ್ಟ ಹಲ್ಲಿನ ನಾನು ಎರಡು-ಎರಡು.

ಆ ಕ್ಲಿನಿಕ್ಕಿನಲ್ಲಿ ನನಗೆ ಹಿಡಿಸದಿದ್ದದ್ದು ಒಂದೇ, ಅಚ್ಚಿನ ಬೀರು. ಕ್ಯಾಪ್ ಹಾಕಿಸುವವರ, ಹಲ್ಲು ಕಟ್ಟಿಸುವವರ ಬಾಯಿಯ ಅಚ್ಚು ತೆಗೆದು ಬಿಳಿ ಗಾರೆ ಹುಯ್ದು ಮೇಲಿನ ದವಡೆ ಕೆಳಗಿನ ದವಡೆ ಎರಡನ್ನೂ ಮಾಡಿಡುತ್ತಿದ್ದರು. ಗಾಜಿನ ಬೀರುವಿನಲ್ಲಿ ಸಾಲು ಸಾಲು ಬಾಯಿಗಳು, ಕಣ್ಣು ಮೂಗು ಯಾವುದೂ ಇಲ್ಲದೆ ನಗು ಮಾತ್ರ. ಕೆಳಗೆ ರಸ್ತೆಯಲ್ಲಿ ಲೋಡ್ ಲಾರಿ ಹೋದಾಗಲೆಲ್ಲ ಕಟ್ಟಡ ಸಣ್ಣಗೆ ನಡುಗುತ್ತಿತ್ತು. ಆಗ ಆ ದವಡೆಗಳೆಲ್ಲ ಒಟ್ಟಿಗೆ ಕಟಕಟ ಅನ್ನುತ್ತಿದ್ದವು. ಲಾರಿ ದೂರ ಹೋದ ಮೇಲೂ ಒಂದೆರಡು ಇನ್ನೂ ಕಟಗುಟ್ಟುತ್ತಲೇ ಇರುತ್ತಿದ್ದವು. ನಾನು ಬೆನ್ನು ಹಾಕಿ ಕೂರುತ್ತಿರಲಿಲ್ಲ. "ಏನೋ ಮಾತಾಡ್ಕೊಳ್ತವೆ, ನಮಗ್ಯಾಕೆ" ಎನ್ನುವರು ಡಾಕ್ಟರಮ್ಮ.

ಹಾಗಲವಾಡಿ ಕಡೆಯ ಒಬ್ಬ ಹುಡುಗ ಬಂದದ್ದು ಆ ಕಾಲದಲ್ಲೇ. ಹುಡುಗ ಎಂದರೆ ಇಪ್ಪತ್ತೆಂಟು ಮೂವತ್ತರ ಆಸುಪಾಸು, ಪಂಪ್‌ಸೆಟ್ ರಿಪೇರಿ ಮಾಡುವವನು. ಬೋರ್‌ವೆಲ್ಲಿನಿಂದ ಮೋಟರ್ ಎತ್ತುವಾಗ ಪೈಪ್ ಬಡಿದು ಮೇಲಿನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಜೊತೆಗೆ ಅವನ ಅಕ್ಕ. ತಾಯಿ ಇಲ್ಲದ ಮನೆ, ಅವನನ್ನು ಸಾಕಿದ್ದು ಆಕೆಯೇ. ಕುರ್ಚಿಯಲ್ಲಿ ಅವನು ಬಾಯಿ ತೆರೆದ. ಡಾಕ್ಟರಮ್ಮ ಕೂಗುತ್ತ ಹೋದರು. ಒಂದು-ಒಂದು, ಮುರಿದಿದೆ. ಮೂರು-ನಾಲ್ಕು, ಸರಿ. ಆಮೇಲೆ ಕನ್ನಡಿಯನ್ನು ತಿರುಗಿಸಿ ಮತ್ತೆ ನೋಡಿ ಹೇಳಿದರು, "ಏಳು-ಐದು."

"ಏಳು ಅಂದ್ರೆ ಮಕ್ಕಳದ್ದಲ್ವಾ ಡಾಕ್ಟರಮ್ಮ?" ಎಂದೆ.

"ಹೂಂ. ಹಾಲುಹಲ್ಲು. ಇದರ ಕೆಳಗಿಂದ ಬರಬೇಕಾಗಿದ್ದ ಮೂರು-ಐದು ಹುಟ್ಟೇ ಇಲ್ಲ. ಅದು ಬಂದು ತಳ್ಳಿದ್ರೆ ತಾನೆ ಇದು ಬೀಳೋದು? ಕಾಯ್ಕೊಂಡು ಕೂತಿದೆ."

ಅಕ್ಕನಿಗೆ ಆಶ್ಚರ್ಯವೇ ಆಗಲಿಲ್ಲ. "ನಂಗೊತ್ತು ಕಣ್ರಮ್ಮ. ಇವನ ಹಲ್ಲೆಲ್ಲ ಸಗಣಿ ಉಂಡೆಗೆ ಒತ್ತಿ ಹೆಂಚಿನ ಮ್ಯಾಕೆ ಎಸ್ದೋಳು ನಾನೇ. ಒಂದ್ ಕಮ್ಮಿ ಬಂತು. ಇನ್ನೂ ಒಂದ್ ಕೊಡ್ಬೇಕು ನೀನು ಹೆಂಚಿಗೆ ಅಂತ ಈಗ್ಲೂ ರೇಗಿಸ್ತೀನಿ" ಎಂದಳು. ಬಾಯಿ ತೆರೆದೇ ತಮ್ಮ ನಕ್ಕ. "ಕೊಡ್ತೀನಿ ಬುಡಕ್ಕ, ಮದ್ವೆ ಆದ್ಮ್ಯಾಕೆ" ಎಂದ. ನಕ್ಕಾಗ ಮುರಿದ ಹಲ್ಲು ಕಾಣದಿರಲೆಂದು ಕೈ ಅಡ್ಡ ಇಟ್ಟುಕೊಂಡ.

ಅಚ್ಚು ತೆಗೆದುಕೊಂಡು ಕಳಿಸಿದೆವು. ಮುಂದಿನ ವಾರ ಕ್ಯಾಪ್ ಬಂತು. ಅವನು ಬರಲಿಲ್ಲ.

ಬಂದವಳು ಅಕ್ಕ. ಮೆಟ್ಟಿಲ ಮೇಲಿಂದಲೇ ಕೇಳಿದಳು, "ನಮ್ ಹುಡ್ಗ ಕ್ಯಾಪ್ ಹಾಕ್ಸ್ಕೊಂಡ್ ಹೋಗೋಕೆ ಬಂದಿದ್ನೇನವ್ವ ಇಲ್ಲಿಗೆ?" ಅವರೂರಿನ ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ನೀರಿಗಿಳಿದು ಯಾರದೋ ಪಂಪಿನ ಪೈಪ್ ಬಿಡಿಸಲು ಹೋದವನು ಮನೆಗೆ ಬಂದಿಲ್ಲ. ಏರಿಯ ಮೇಲೆ ಚಪ್ಪಲಿ, ಸ್ಪ್ಯಾನರ್ ಚೀಲ. ಈಜುಗಾರರು ಹುಡುಕಿದರು, ಏನೂ ಸಿಗಲಿಲ್ಲ. ಊರಿನವರು ನೀರಿಗೆ ಹೋದ ಎಂದು ತೀರ್ಮಾನ ಮಾಡಿ ಕಾರ್ಯ ಮಾಡು ಎಂದರು. ಆಕೆ ಒಪ್ಪಲಿಲ್ಲ. ಹೆಣ ನೋಡದೆ ತಿಥಿ ಮಾಡಿದರೆ, ನಾಳೆ ಅವನು ಬಂದು ಬಾಗಿಲಲ್ಲಿ ನಿಂತರೆ ಏನು ಹೇಳುವುದು?

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು, ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ತಮ್ಮನನ್ನು ನೋಡಿದೆ, ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದ ಎಂದು ಹೇಳಿದರು. ಅಲ್ಲಿಗೆ ಕಾರ್ಯದ ಮಾತು ಮುಗಿಯಿತು. ಆಕೆ ಮತ್ತೆ ಬಂದು ಡಾಕ್ಟರಮ್ಮನನ್ನು ಕೇಳಿದಳು, "ಗಡ್ಡ ಬಿಟ್ಟಿದ್ರೆ, ಹಲ್ಲೂ ಬ್ಯಾರೆ ಕಡೆ ಕಟ್ಟಿಸ್ಕೊಂಡಿದ್ರೆ ಹೆಂಗವ್ವ ಗುರುತು ಹಿಡೀಲಿ?" ಡಾಕ್ಟರಮ್ಮ ಬೀರು ತೆರೆದು ಅವನ ಕೆಳದವಡೆಯ ಅಚ್ಚು ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ನೋಡ್ಕೊ. ಏನೇ ಬದಲಾದ್ರೂ ಇದು ಬದಲಾಗಲ್ಲ."

ಆಮೇಲೆ ಆಕೆ ಬರುವುದೇ ಒಂದು ಪದ್ಧತಿಯಾಯಿತು. ಕುಣಿಗಲ್ಲಿಗೆ ಹೋಗುವ ದಿನ ಮೊದಲು ನಮ್ಮಲ್ಲಿಗೆ ಬಂದು, ಅಚ್ಚನ್ನು ಮೇಜಿನ ಮೇಲೆ ತನ್ನ ಕಡೆ ತಿರುಗಿಸಿಕೊಂಡು, ಆ ಚಿಕ್ಕ ಹಲ್ಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂರುವಳು. ಮಗುವಿನ ಬಾಯಲ್ಲಿ ಹಲ್ಲು ಬಂತೇ ಎಂದು ನೋಡುತ್ತೇವಲ್ಲ, ಹಾಗೆ. ಆಮೇಲೆ ಎದ್ದು ಬಸ್ಸಿಗೆ ಹೋಗುವಳು. ಕುಣಿಗಲ್ಲಿನಲ್ಲಿ ಏನು ಮಾಡುತ್ತೀಯಕ್ಕ ಎಂದು ಒಮ್ಮೆ ಕೇಳಿದೆ.

"ಅವನ ವಯಸ್ಸಿನೋರು ಕಂಡ್ರೆ ಏನಾರ ತಮಾಸೆ ಮಾತಾಡ್ತೀನಿ ಕಣವ್ವ. ನಗ್ತಾರಲ್ಲ, ಆವಾಗ ಬಾಯೊಳಕ್ಕೆ ನೋಡ್ತೀನಿ" ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಗುರುತಿಲ್ಲದವರನ್ನು ನಗಿಸುತ್ತ, ನಕ್ಕವರ ಬಾಯೊಳಗೆ ಬಗ್ಗಿ ನೋಡುತ್ತ ಹೋಗುವುದು ಕಣ್ಣ ಮುಂದೆ ಬಂತು. ಅವರೆಲ್ಲ ಏನಂದುಕೊಂಡರೋ... ಡಾಕ್ಟರಮ್ಮ ಮಾತ್ರ ತಲೆ ತಗ್ಗಿಸಿ ಉಪಕರಣ ಒರೆಸುತ್ತಿದ್ದರು.

ವರ್ಷಗಳು ಹೋದವು. ಆಕೆಯ ತಲೆ ನೆರೆಯಿತು. ಆ ಕೆರೆ ಬತ್ತಿತು, ಹೂಳೆತ್ತಲು ಜೆಸಿಬಿ ಬಂತು.

ಒಂದು ಬೆಳಿಗ್ಗೆ ಗುಬ್ಬಿ ಕಡೆಯ ಪೊಲೀಸ್ ದಫೇದಾರರೊಬ್ಬರು ಹಲ್ಲುನೋವೆಂದು ಬಂದರು. ಇಂಜೆಕ್ಷನ್ ಕೊಟ್ಟು ದವಡೆ ಜೋಮು ಹಿಡಿಯಲೆಂದು ಕೂರಿಸಿದ್ದೆವು. ಸುಮ್ಮನಿರಲಾರದೆ ಅವರು ಮಾತು ತೆಗೆದರು. "ಹಾಗಲವಾಡಿ ಕಡೆ ಕೆರೆಲಿ ಹೂಳೆತ್ತುವಾಗ ಒಂದು ದವಡೆ ಸಿಕ್ತು ಮೇಡಂ. ಒಂದಷ್ಟು ಮೂಳೆನೂ ಸಿಕ್ವು. ದೊಡ್ಡಾಸ್ಪತ್ರೆಗೆ ತಂದಿದೀವಿ. ಪಾಪ, ಯಾವ್ದೋ ಮಗೀಂದು."

"ಮಗು ಅಂತ ಹೇಗೆ ಗೊತ್ತಾಯ್ತು?"

"ಹಾಲುಹಲ್ಲು ಹಂಗೇ ಕೂತೈತೆ ಮೇಡಂ. ನಮ್ ಕಾನ್‌ಸ್ಟೇಬಲ್ ಮಕ್ಕಳೊಂದಿಗ, ನೋಡ್ತಿದ್ದಂಗೇ ಹೇಳ್ದ. ಊರ ಜನಾನೂ ಅದೇ ಅಂದ್ರು. ಆ ಹುಚ್ಚಮ್ಮ ಒಬ್ಳು ಅವ್ಳಲ್ಲ, ತಮ್ಮ ತಮ್ಮ ಅಂತ ತಿರುಗೋಳು, ಅವಳಿಗೂ ಹೇಳ್ಬುಟ್ಟೆ, ನಿಮ್ಮೋನ್ದಲ್ಲ ಹೋಗಮ್ಮ ಅಂತ. ಕೈ ಮುಗುದ್ಬುಟ್ಳು ಮೇಡಂ ನಂಗೆ."

ಡಾಕ್ಟರಮ್ಮನ ಕೈಯಲ್ಲಿ ಆ ಸಣ್ಣ ಕನ್ನಡಿ ಇತ್ತು. ಅದು ಗಾಳಿಯಲ್ಲೇ ನಿಂತಿತು.

"ಆ ಹಾಲುಹಲ್ಲಿನ ಹಿಂದೆ ದೊಡ್ಡ ಹಲ್ಲು ಎಷ್ಟಿವೆ?"

ದಫೇದಾರರು ಜೋಮು ಹಿಡಿದ ತುಟಿ ಸೊಟ್ಟ ಮಾಡಿಕೊಂಡು ಯೋಚಿಸಿದರು. "ಮೂರು ಅವೆ ಅನ್ಸುತ್ತೆ ಮೇಡಂ. ಹೂಂ, ಮೂರು."

"ಮೂರನೇದು ಬುದ್ಧಿಹಲ್ಲು. ಮಗುವಿಗೆ ಬುದ್ಧಿಹಲ್ಲು ಎಲ್ಲಿಂದ ಬಂತು ದಫೇದಾರ್ರೇ?"

ಕೆಳಗೆ ಒಂದು ಲಾರಿ ಹೋಯಿತು. ಬೀರುವಿನೊಳಗೆ ಎಲ್ಲವೂ ಕಟಕಟ ಅಂದವು. ನಾವು ಮೂವರೂ ಅತ್ತ ತಿರುಗಲಿಲ್ಲ. ಲಾರಿ ಹೋಗಿ ಮುಗಿದ ಮೇಲೂ ಒಂದೇ ಒಂದು ದವಡೆ ಕಟಗುಟ್ಟುತ್ತಿತ್ತು. ಯಾವುದೆಂದು ನಾನು ನೋಡಲಿಲ್ಲ, ಇವತ್ತಿಗೂ ನೋಡದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ದಫೇದಾರರ ಹಲ್ಲು ತೆಗೆದು, ಕೈ ತೊಳೆದು, ಡಾಕ್ಟರಮ್ಮ ಆ ಪಂಪ್‌ಸೆಟ್ ಹುಡುಗನ ಅಚ್ಚುಗಳನ್ನು ಒಂದು ಟವೆಲ್ಲಿನಲ್ಲಿ ಸುತ್ತಿಕೊಂಡರು. "ಎರಡು-ಎರಡು, ನಡಿ ಆಸ್ಪತ್ರೆಗೆ" ಎಂದರು.

ಶವಾಗಾರದ ಪಕ್ಕದ ಕೋಣೆಯಲ್ಲಿ, ಅಲ್ಲಿಯ ಡಾಕ್ಟರ ಎದುರಿಗೇ ನೋಡಿದೆವು. ದವಡೆ ಕೆರೆಯ ಮಣ್ಣಿನದೇ ಬಣ್ಣಕ್ಕೆ ತಿರುಗಿತ್ತು. ಮುಂದಿನ ಹಲ್ಲುಗಳು ಉದುರಿಹೋಗಿ ಗುಳಿ ಬಿದ್ದಿದ್ದವು. ಹಿಂದಿನವೆಲ್ಲ ಗಟ್ಟಿಯಾಗಿದ್ದವು, ಅವುಗಳ ಮಧ್ಯೆ ಆ ಚಿಕ್ಕದು. ಡಾಕ್ಟರಮ್ಮ ಎಂದಿನಂತೆ ಕೂಗುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ. ಮೂರು-ನಾಲ್ಕು, ಇದೆ. ಏಳು-ಐದು, ಇದೆ. ಮೂರು-ಆರು, ಇದೆ... ಕುರ್ಚಿಯಲ್ಲಿ ಕೂತವರಿಗೆ ಹೇಳುವ ಅದೇ ಮೆಲುದನಿ. ಇನ್ನೇನು "ಉಗೀರಿ" ಅಂತಾರೆ ಅನ್ನಿಸಿತು ನನಗೆ.

ಆಮೇಲೆ ಟವೆಲ್ ಬಿಚ್ಚಿ ಮೇಲಿನ ದವಡೆಯ ಗಾರೆ ಅಚ್ಚನ್ನು ತೆಗೆದರು. ಅದನ್ನು ನಿಧಾನವಾಗಿ ಆ ಮಣ್ಣುಬಣ್ಣದ ದವಡೆಯ ಮೇಲಿಟ್ಟು ಸ್ವಲ್ಪ ಹೊರಳಿಸಿದರು. ಟಕ್ ಎಂದು ಕೂತಿತು. ಒಂದು ಕೂದಲು ತೂರುವಷ್ಟೂ ಸಂದಿಲ್ಲ. ಬಿಳಿ ಹಲ್ಲುಗಳು ಮೇಲೆ, ಕಂದು ಹಲ್ಲುಗಳು ಕೆಳಗೆ. ಮೇಲೆ ಒಂದು-ಒಂದು ಅರ್ಧ ಮುರಿದಿತ್ತು. ಕೈ ಅಡ್ಡ ಇಟ್ಟುಕೊಳ್ಳಲು ಕೈಯೊಂದು ಇರಲಿಲ್ಲ ಅಷ್ಟೇ...

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಅಕ್ಕ ಕೂತಿದ್ದಳು. ದಫೇದಾರರೇ ಹೇಳಿ ಕಳಿಸಿ ಕರೆಸಿದ್ದರು, ಆದರೆ ಏನೆಂದು ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ. ಆಕೆಯ ಮುಖ ಅರಳಿತ್ತು. "ಮಗೀಂದಂತೆ ಅಲ್ವೇನವ್ವ" ಎಂದಳು ನಮ್ಮನ್ನು ಕಂಡೊಡನೆ.

ಡಾಕ್ಟರಮ್ಮ ಪಕ್ಕದಲ್ಲಿ ಕೂತರು. "ಮಗೂದಲ್ಲ ಕಣಮ್ಮ. ದೊಡ್ಡೋರದ್ದು. ಕೆಳಗೆ ಎಡಗಡೆ ಒಂದು ಹಾಲುಹಲ್ಲು ಹಾಗೇ ಉಳಿದಿದೆ."

ಆಕೆ ಕೈಯಾಡಿಸಿಬಿಟ್ಟಳು. "ಎಡಗಡೆ? ಹಂಗಾರೆ ಇವನಲ್ಲ ಬುಡಿ. ನಮ್ಮೋನ್ದು ಬಲಗಡೆ. ನಾನೇ ಉಣ್ಣಿಸಿ ಬೆಳೆಸ್ದೋಳು, ನಂಗೊತ್ತಿಲ್ವಾ? ನಿಮ್ಮ ಅಚ್ಚಿನಾಗೂ ಬಲಗಡೀಕೇ ಐತೆ. ಎಷ್ಟ್ ಸಲ ಮುಟ್ಟಿ ನೋಡಿಲ್ಲ ನಾನು? ತಕ್ಕೊಳಿ, ಈಗ್ಲೇ ನೋಡಿ."

ನನಗೆ ಅರ್ಥವಾಯಿತು. ನನಗೆ ಮೊದಲ ದಿನ ಹೇಳಿಕೊಟ್ಟ ಪಾಠವನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಣ್ಣಿಸುವಾಗ ಎದುರಿಗೆ ಕೂತು ಉಣ್ಣಿಸಿದ್ದಳು. ಅಚ್ಚನ್ನೂ ಎದುರಿಗೆ ಇಟ್ಟುಕೊಂಡೇ ನೋಡಿದ್ದಳು. ಆಕೆಯ ಬಲ ಅವನ ಎಡ. ಇದನ್ನು ಹೇಳದೆ ನಾವು ಹಾಗೇ ಎದ್ದು ಹೋಗಿದ್ದರೆ ಆಕೆ ಮಾರನೆಯ ದಿನ ಕುಣಿಗಲ್ ಬಸ್ಸು ಹತ್ತುತ್ತಿದ್ದಳು. ಡಾಕ್ಟರಮ್ಮನೂ ಅದನ್ನೇ ಯೋಚಿಸುತ್ತಿದ್ದಿರಬೇಕು.

ಕೊನೆಗೆ ಅವರು ಕೆಳದವಡೆಯ ಅಚ್ಚನ್ನು ತೆಗೆದು ಕಟ್ಟೆಯ ಮೇಲೆ, ಆಕೆ ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಹಾಗೆ, ಆಕೆಯ ಎದುರಿಗೆ ಇಟ್ಟರು. ಹಾಲುಹಲ್ಲು ಆಕೆಯ ಬಲಗೈ ಕಡೆ ಇತ್ತು. ಆಕೆ ಗೆದ್ದವಳ ಹಾಗೆ ನನ್ನನ್ನು ನೋಡಿದಳು.

ಆಮೇಲೆ ಡಾಕ್ಟರಮ್ಮ ಎರಡು ಬೆರಳಲ್ಲಿ ಅಚ್ಚನ್ನು ಮೆಲ್ಲಗೆ ತಿರುಗಿಸಿದರು. "ಅವನು ನಿನ್ನ ಥರಾನೇ ಆ ಕಡೆ ಮುಖ ಮಾಡಿ ಕೂತ್ರೆ" ಎಂದರು.

ಹಾಲುಹಲ್ಲು ಎಡಗಡೆಗೆ ಹೋಯಿತು. ಅಷ್ಟು ವರ್ಷ ನಮ್ಮ ಕಡೆ ಮುಖ ಮಾಡಿ ನಗುತ್ತಿದ್ದವನು ಎದ್ದು, ಬೆನ್ನು ತಿರುಗಿಸಿ, ಹೊರಟು ನಿಂತ ಹಾಗಿತ್ತು. ಆಕೆ ತನ್ನ ಎಡಗೆನ್ನೆಯನ್ನು ಮುಟ್ಟಿಕೊಂಡಳು. ಬಲಗೆನ್ನೆಯನ್ನು ಮುಟ್ಟಿಕೊಂಡಳು. ಮತ್ತೆ ಎಡಗೆನ್ನೆಗೇ ಕೈ ಹೋಯಿತು, ಅಲ್ಲೇ ನಿಂತಿತು.

"ಅವನು ಕುಣಿಗಲ್ಗೆ ಹೋಗೇ ಇರ್ಲಿಲ್ಲ" ಎಂದಳು. ಅಷ್ಟೇ ಅಂದದ್ದು.

ಬೆಂಗಳೂರಿನಿಂದ ಪರೀಕ್ಷೆಯ ವರದಿ ಬಂದು, ಮೂಳೆಗಳನ್ನು ಮನೆಯವರಿಗೆ ಕೊಟ್ಟು, ಕಾರ್ಯವೂ ಆಯಿತು. ಪೊಲೀಸರ ಒಪ್ಪಿಗೆ ಪಡೆದು ಆಕೆ ಆ ಒಂದು ಹಲ್ಲನ್ನು ಬೇರೆ ಇಟ್ಟುಕೊಂಡಿದ್ದಳು. ಕಾರ್ಯದ ದಿನ ನಾವಿಬ್ಬರೂ ಹಾಗಲವಾಡಿ ಹತ್ತಿರದ ಅವರೂರಿಗೆ ಹೋಗಿದ್ದೆವು. ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಆಕೆ ಕೊಟ್ಟಿಗೆಯಿಂದ ಹಸಿ ಸಗಣಿ ತಂದು ಉಂಡೆ ಮಾಡಿ, ಹಲ್ಲನ್ನು ಅದಕ್ಕೆ ಒತ್ತಿದಳು. ಅಂಗಳದಲ್ಲಿ ನಿಂತು, ಮಕ್ಕಳು ಎಸೆಯುವ ಹಾಗೇ ಭುಜದ ಮೇಲಿಂದ ಹೆಂಚಿನ ಮೇಲೆ ಎಸೆದಳು. ತಪ್ ಎಂದು ಬಿದ್ದು ಅಂಟಿಕೊಂಡಿತು.

"ಹಳೇದು ಮಡಿಕ್ಕೊ, ಹೊಸದು ಕೊಡು" ಎಂದಳು ಸೂರಿನ ಕಡೆ ನೋಡಿ.

ನನ್ನ ಪಕ್ಕದಲ್ಲಿ ಡಾಕ್ಟರಮ್ಮ ನಿಂತಿದ್ದರು. ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಬೆಂಚಿನವರನ್ನು ಕರೆಯುವ ಧ್ವನಿಯಲ್ಲೇ, ಮೆಲ್ಲಗೆ, "ಮೂರು-ಐದು" ಎಂದರು. ಹುಟ್ಟದೇ ಹೋದ ಹಲ್ಲಿನ ಹೆಸರು ಅದು. ಕರೆದು, ಯಾರೋ ಎದ್ದು ಬರಲಿಕ್ಕಿದ್ದಾರೆ ಎಂಬ ಹಾಗೆ ಕಾದರು. ನಾವು ಮೂವರೂ ಕಾದೆವು. ಹೆಂಚಿನ ಮೇಲೆ ಏನೋ ಸಣ್ಣಗೆ ಕಟ್ ಎಂದಿತು. ಬಿಸಿಲಿಳಿದಾಗ ಹೆಂಚು ಹಾಗೆ ಸದ್ದು ಮಾಡುತ್ತದೆ, ಗೊತ್ತು. ಆದರೂ ಮೂವರೂ ತಲೆ ಎತ್ತಿ ನೋಡಿದೆವು...

ಡಾಕ್ಟರಮ್ಮ ಹೋಗಿ ಕೆಲವು ವರ್ಷವಾಯಿತು. ಆ ಮಹಡಿಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಅಚ್ಚುಗಳನ್ನೆಲ್ಲ ಅವರು ಕೊನೆಗಾಲದಲ್ಲಿ ತಾವೇ ಪುಡಿ ಮಾಡಿಸಿ ಹಿತ್ತಲಲ್ಲಿ ಹೂಳಿಸಿದರಂತೆ. ಹಾಗಲವಾಡಿ ಕಡೆಯ ಅಕ್ಕನ ಸುದ್ದಿ ನನಗೆ ಸಿಕ್ಕಿಲ್ಲ.

ಈಗ ಈ ಹಲ್ಲನ್ನು ಏನು ಮಾಡುವುದೋ ತಿಳಿಯದು. ನಮ್ಮದು ಮೋಲ್ಡ್ ಹಾಕಿದ ಮನೆ, ಹೆಂಚಿಲ್ಲ. ಮಗಳು ಬಿಸಾಡಮ್ಮ ಅನ್ನುತ್ತಾಳೆ. ಕಂಪ್ಯೂಟರಿನಲ್ಲಿ ಅದು ಕಾಣೆಯಾಗಿದೆ, ಇಲ್ಲಿ ಕಿಟಕಿಯಲ್ಲಿ ಹತ್ತಿಯೊಳಗೆ ತಣ್ಣಗೆ ಕೂತಿದೆ. ಹಲ್ಲು ತೆಗೆಸಿದ ದಿನ ಆ ಎಳೆಯ ಡಾಕ್ಟರು ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಎರಡು ಮೂರು ಸಲ ಕರೆದರಂತೆ, ನಾನು ಏಳಲೇ ಇಲ್ಲವಂತೆ. ಕಿವಿ ಮಂದವಾಯಿತೇನಮ್ಮ ಎಂದು ಮಗಳು ಗದರಿದಳು. ಕಿವಿ ಚೆನ್ನಾಗಿಯೇ ಇದೆ. ಹಲ್ಲಾಸ್ಪತ್ರೆಯ ಬೆಂಚಿನ ಮೇಲೆ ಕೂತು, ಎರಡು-ಎರಡು ಎಂದು ಕರೆಯುವುದನ್ನೇ ನಾನು ಕಾಯುತ್ತಿದ್ದೆ.